ಪ್ರಯೋಗ ಮಾಡುವುದನ್ನೂ ಕಲಿಸಬೇಕಲ್ಲವೇ?

1938ರಲ್ಲಿ ಕಲ್ಕತ್ತಾದಲ್ಲಿ ನಡೆದ ಪ್ರಥಮ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಇಂಗ್ಲೆಂಡಿನ ವಿಜ್ಞಾನಿ ರೊನಾಲ್ಡ್ ಫಿಷರ್ ಒಂದು ಮಾತು ಹೇಳಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಸಲಹೆ ಕೇಳುವುದು ಬಹುಪಾಲು ಶವಪರೀಕ್ಷೆಗೆ ಕರೆದಂತೆ, ಪ್ರಯೋಗ ಯಾವ ಕಾರಣದಿಂದ ಸತ್ತಿತು ಎಂಬುದನ್ನಷ್ಟೇ ಆತ ಹೇಳಬಲ್ಲ ಎಂಬುದು ಅದರ ತಾತ್ಪರ್ಯ. ಆ ಮಾತಿಗೆ ಎಂಟು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಆದರೂ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಬೋಧಿಸುವ ಯಾವ ಅಧ್ಯಾಪಕರನ್ನು ಕೇಳಿದರೂ ಒಂದೇ ಬಗೆಯ ಅನುಭವ ಹೇಳುತ್ತಾರೆ. ಪ್ರಬಂಧ ಸಲ್ಲಿಸಲು ಕೆಲವೇ ವಾರಗಳಿರುವಾಗ ವಿದ್ಯಾರ್ಥಿ ಅಂಕಿಅಂಶಗಳನ್ನು ಹೊತ್ತು ತರುತ್ತಾನೆ. 'ಸಾರ್, ಇದನ್ನು ಹೇಗಾದರೂ ವಿಶ್ಲೇಷಿಸಿಕೊಡಿ' ಎಂದು ಕೇಳಿಕೊಳ್ಳುತ್ತಾನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನೆನಪಾಗುವುದು ಇಂಥಲ್ಲಿಯೇ.

ಇದನ್ನು ವಿದ್ಯಾರ್ಥಿಯ ದೋಷವೆಂದು ತಳ್ಳಿಹಾಕುವಂತಿಲ್ಲ. ಎಂ.ಡಿ., ಎಂ.ಎಸ್. ವ್ಯಾಸಂಗ ಮಾಡುವವರಿಗೆ ಪ್ರಬಂಧ ಕಡ್ಡಾಯ; ಜೀವವೈದ್ಯಕೀಯ ವಿಜ್ಞಾನಗಳಲ್ಲಿ ಪಿಎಚ್.ಡಿ. ಮಾಡುವವರಿಗಂತೂ ಪ್ರಯೋಗವೇ ಸರ್ವಸ್ವ. ಅವರಿಗೆ ಉಪಕರಣಗಳ ಬಳಕೆ ಕಲಿಸುತ್ತೇವೆ, ತಂತ್ರಾಂಶದ ಯಾವ ಗುಂಡಿ ಒತ್ತಬೇಕೆಂದು ತೋರಿಸುತ್ತೇವೆ. ಆದರೆ ಪ್ರಶ್ನೆಯನ್ನು ರೂಪಿಸುವುದು ಹೇಗೆ, ಎಷ್ಟು ರೋಗಿಗಳು ಅಥವಾ ಎಷ್ಟು ಇಲಿಗಳು ಬೇಕು, ಯಾರನ್ನು ಯಾವ ಗುಂಪಿಗೆ ಸೇರಿಸಬೇಕು, ಯಾವ ಫಲಿತಾಂಶ ಬಂದರೆ ತನ್ನ ಊಹೆ ತಪ್ಪೆಂದು ಒಪ್ಪಿಕೊಳ್ಳಬೇಕು ಎಂಬ ಮೂಲಭೂತ ಸಂಗತಿಗಳನ್ನು ಹಿರಿಯರನ್ನು ನೋಡಿ ಕಲಿಯಲೆಂದು ಬಿಟ್ಟುಬಿಡುತ್ತೇವೆ. ಹಿರಿಯರು ಕಲಿತದ್ದೂ ಅದೇ ರೀತಿಯಲ್ಲಿ.

ಇದರ ಪರಿಣಾಮವೇನೆಂಬುದಕ್ಕೆ ಮುಂದುವರಿದ ದೇಶಗಳಲ್ಲೇ ಸಾಕಷ್ಟು ನಿದರ್ಶನಗಳಿವೆ. ಅಮೆರಿಕದ ಔಷಧ ಸಂಸ್ಥೆ ಆಮ್ಜೆನ್‌ನ ವಿಜ್ಞಾನಿಗಳು ಕ್ಯಾನ್ಸರ್ ಸಂಶೋಧನೆಯಲ್ಲಿ ಮೈಲಿಗಲ್ಲುಗಳೆನಿಸಿದ 53 ಪ್ರಬಂಧಗಳನ್ನು ಪುನಃ ಪರೀಕ್ಷಿಸಿದಾಗ ಕೇವಲ ಆರರ ಫಲಿತಾಂಶಗಳು ದೃಢಪಟ್ಟವೆಂದು 2012ರಲ್ಲಿ ವರದಿಯಾಯಿತು. 2021ರಲ್ಲಿ ಮುಗಿದ ಇನ್ನೊಂದು ಯೋಜನೆಯಲ್ಲಿ ಕ್ಯಾನ್ಸರ್ ಜೀವವಿಜ್ಞಾನದ 193 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಲು ಉದ್ದೇಶಿಸಲಾಗಿತ್ತು. ಪೂರ್ಣಗೊಂಡದ್ದು 50 ಮಾತ್ರ. ಮೂಲ ಪ್ರಬಂಧವನ್ನಷ್ಟೇ ಓದಿ ಮತ್ತೆ ಮಾಡಬಲ್ಲಷ್ಟು ವಿವರ ಆ 193ರಲ್ಲಿ ಒಂದಕ್ಕೂ ಇರಲಿಲ್ಲ. ಇವರೆಲ್ಲರೂ ವಂಚಕರೆಂದು ಯಾರೂ ಹೇಳಿಲ್ಲ. ಪ್ರಯೋಗದ ವಿನ್ಯಾಸ, ವಿಶ್ಲೇಷಣೆ, ನಿರೂಪಣೆ ಈ ಮೂರರಲ್ಲಿ ಎಲ್ಲಿ ಸಡಿಲವಾದರೂ ಇಡೀ ಶ್ರಮ ವ್ಯರ್ಥವಾಗುತ್ತದೆ ಎಂಬುದಷ್ಟೇ ಇದರ ಅರ್ಥ.

ಮೊದಲಿಗೆ ವಿನ್ಯಾಸ. ಸಂಶೋಧಕನೊಬ್ಬ ಪಂಜರಕ್ಕೆ ಕೈಹಾಕಿ ಮೊದಲು ಸಿಕ್ಕ ಐದು ಇಲಿಗಳಿಗೆ ಔಷಧಿ ಕೊಟ್ಟು, ಉಳಿದ ಐದನ್ನು ಹೋಲಿಕೆಗೆ ಇಟ್ಟುಕೊಂಡನೆನ್ನಿ. ಸುಲಭವಾಗಿ ಕೈಗೆ ಸಿಕ್ಕವು ಮೊದಲೇ ಬಳಲಿದ, ನಿಧಾನಗತಿಯ ಇಲಿಗಳಾಗಿರಬಹುದು. ಔಷಧಿ ಕೊಡುವ ಮೊದಲೇ ಎರಡು ಗುಂಪುಗಳ ನಡುವೆ ವ್ಯತ್ಯಾಸ ಹುಟ್ಟಿಕೊಂಡಿತು. ಚೀಟಿ ಎತ್ತಿ ಗುಂಪು ಮಾಡಿದ್ದರೆ ಈ ಅಪಾಯ ತಪ್ಪುತ್ತಿತ್ತು. ಇನ್ನೊಬ್ಬ ಮೂರು ಇಲಿಗಳಿಂದ ತಲಾ ನೂರು ಜೀವಕೋಶಗಳನ್ನು ಅಳೆದು, ತನ್ನ ಬಳಿ ಮುನ್ನೂರು ಮಾದರಿಗಳಿವೆ ಎಂದು ಬರೆಯುತ್ತಾನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಮೂರೇ ಹಳ್ಳಿಗಳಲ್ಲಿ ಮುನ್ನೂರು ಮಂದಿಯನ್ನು ಮಾತನಾಡಿಸಿ ಮುನ್ನೂರು ಹಳ್ಳಿಗಳ ಸಮೀಕ್ಷೆ ಮಾಡಿದೆನೆಂದು ಹೇಳಿದಂತೆ ತೋರುತ್ತದೆ. ಇವು ಗಹನವಾದ ಗಣಿತದ ವಿಷಯಗಳಲ್ಲ. ಒಮ್ಮೆ ಸರಿಯಾಗಿ ಹೇಳಿಕೊಟ್ಟರೆ ಜೀವನಪರ್ಯಂತ ಮರೆಯುವಂಥವೂ ಅಲ್ಲ.

ವಿಶ್ಲೇಷಣೆಯ ಕಥೆಯೂ ಹೀಗೆಯೇ. ಔಷಧಿಯಲ್ಲಿ ಯಾವ ಗುಣವೂ ಇಲ್ಲದಿದ್ದರೂ ಆಕಸ್ಮಿಕವಾಗಿಯೇ ಇಷ್ಟು ದೊಡ್ಡ ವ್ಯತ್ಯಾಸ ಕಾಣಿಸಿಕೊಳ್ಳುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೆ ಅದನ್ನು ಗಣನೀಯ ಫಲಿತಾಂಶವೆಂದು ಪರಿಗಣಿಸುವ ರೂಢಿಯಿದೆ. ಆದರೆ ಪರಸ್ಪರ ಸಂಬಂಧವಿಲ್ಲದ ಇಪ್ಪತ್ತು ಹೋಲಿಕೆಗಳನ್ನು ಮಾಡಿದರೆ ಅವುಗಳಲ್ಲಿ ಒಂದಾದರೂ ಹೀಗೆ ಸುಳ್ಳುಸುಳ್ಳೇ 'ಗಣನೀಯ' ಎನಿಸುವ ಸಂಭವ ನೂರಕ್ಕೆ ಅರವತ್ತನಾಲ್ಕು. ಹತ್ತೊಂಬತ್ತನ್ನು ಬದಿಗಿಟ್ಟು ಇಪ್ಪತ್ತನೆಯದನ್ನು ಮಾತ್ರ ಪ್ರಕಟಿಸುವ ವಿದ್ಯಾರ್ಥಿ ಸುಳ್ಳು ಹೇಳುತ್ತಿದ್ದೇನೆಂದು ಭಾವಿಸಿರುವುದಿಲ್ಲ. ಹಾಗೆ ಮಾಡಬಾರದೆಂದು ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ.

ಕೆಲವೊಮ್ಮೆ ತಪ್ಪು ಇದಕ್ಕಿಂತಲೂ ಕ್ಷುಲ್ಲಕವಾಗಿರುತ್ತದೆ. ಕ್ಯಾನ್ಸರ್ ರೋಗಿಗೆ ಯಾವ ಔಷಧಿ ಹೊಂದುತ್ತದೆಂದು ವಂಶವಾಹಿಗಳ ಮೂಲಕ ಮೊದಲೇ ತಿಳಿಯಬಹುದೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ ಪ್ರಕಟಿಸಿತ್ತು. ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಆ ಅಂಕಿಅಂಶಗಳನ್ನು ಜಾಲಾಡಿ, ವಂಶವಾಹಿಗಳ ಪಟ್ಟಿ ಒಂದು ಸಾಲಿನಷ್ಟು ಜಾರಿರುವುದೂ ಸೇರಿದಂತೆ ಹಲವು ದೋಷಗಳನ್ನು 2009ರಲ್ಲಿ ಬಯಲು ಮಾಡಿದರು. ಅಷ್ಟರಲ್ಲಿ ಆ ಸಂಶೋಧನೆಯನ್ನು ಆಧರಿಸಿ ರೋಗಿಗಳ ಮೇಲೆ ಪ್ರಯೋಗಗಳು ಆರಂಭವಾಗಿದ್ದವು. ಅವನ್ನು 2010ರಲ್ಲಿ ನಿಲ್ಲಿಸಲಾಯಿತು. ನಂತರದ ತನಿಖೆಯಲ್ಲಿ ಇದು ಬರೀ ಅಜಾಗರೂಕತೆಯಲ್ಲವೆಂದೂ ತಿಳಿದುಬಂತು. ಅದೇನೇ ಇರಲಿ, ತಖ್ತೆಯನ್ನು ಸಾಲುಸಾಲಾಗಿ ಪರಿಶೀಲಿಸಬಲ್ಲ ಒಬ್ಬ ವಿದ್ಯಾರ್ಥಿ ಆರಂಭದಲ್ಲೇ ಇದನ್ನು ಹಿಡಿದಿದ್ದರೆ ವಿಷಯ ರೋಗಿಯ ಹಾಸಿಗೆಯವರೆಗೆ ಹೋಗುತ್ತಿರಲಿಲ್ಲ.

ವಿದ್ಯಾರ್ಥಿಯಿಂದ ಇಂಥದ್ದು ಸಾಧ್ಯವೇ ಎಂದು ಕೇಳಬಹುದು. ಸಾಧ್ಯ ಎಂಬುದಕ್ಕೆ ನನ್ನ ಶಾಸ್ತ್ರದಲ್ಲೇ ನಿದರ್ಶನವಿದೆ. ಸರ್ಕಾರದ ಸಾಲ ರಾಷ್ಟ್ರೀಯ ಉತ್ಪನ್ನದ ಶೇ 90ನ್ನು ಮೀರಿದರೆ ಆರ್ಥಿಕ ಬೆಳವಣಿಗೆ ಕುಸಿಯುತ್ತದೆಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಪ್ರತಿಪಾದಿಸಿದ್ದರು. ಅನೇಕ ದೇಶಗಳಲ್ಲಿ ಸರ್ಕಾರಿ ವೆಚ್ಚಕ್ಕೆ ಕತ್ತರಿ ಹಾಕುವವರು ಇದನ್ನು ಆಧಾರವಾಗಿ ತೋರಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ತರಗತಿಯ ಅಭ್ಯಾಸವಾಗಿ ಪ್ರಕಟಿತ ಪ್ರಬಂಧವೊಂದರ ಲೆಕ್ಕವನ್ನು ಮತ್ತೆ ಮಾಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಆರಿಸಿಕೊಂಡದ್ದು ಇದನ್ನೇ. ಸ್ಪ್ರೆಡ್‌ಶೀಟಿನ ಸೂತ್ರದಲ್ಲಿ ಐದು ದೇಶಗಳೇ ಬಿಟ್ಟುಹೋಗಿದ್ದವು. ಇನ್ನಿತರ ಲೋಪಗಳನ್ನೂ ಸರಿಪಡಿಸಿದಾಗ ಶೇ 0.1ರಷ್ಟು ಕುಸಿತ ಎನ್ನಲಾಗಿದ್ದುದು ಶೇ 2.2ರಷ್ಟು ಬೆಳವಣಿಗೆಯಾಯಿತು. 2013ರಲ್ಲಿ ಜಗತ್ತಿನ ಗಮನ ಸೆಳೆದ ಈ ತಿದ್ದುಪಡಿಯ ಮೂಲ ಒಂದು ಹೋಂವರ್ಕ್!

ಹೊರದೇಶಗಳ ಕೆಲವು ವಿಶ್ವವಿದ್ಯಾಲಯಗಳು ಈ ಪಾಠವನ್ನು ಗಂಭೀರವಾಗಿ ತೆಗೆದುಕೊಂಡಿವೆ. ಜಾನ್ಸ್ ಹಾಪ್ಕಿನ್ಸ್‌ನ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಗುಂಡುಲಾ ಬಾಷ್ ಮತ್ತು ಆರ್ಟುರೋ ಕ್ಯಾಸಡೆವಾಲ್ ರೂಪಿಸಿದ ಪಠ್ಯಕ್ರಮದಲ್ಲಿ ತರ್ಕ, ಸಂಶೋಧನೆಯಲ್ಲಿ ತಪ್ಪುಗಳಾಗುವ ಬಗೆ, ವಿಜ್ಞಾನವನ್ನು ಇತರರಿಗೆ ತಿಳಿಯುವಂತೆ ಹೇಳುವ ಕಲೆ ಇವೆಲ್ಲವೂ ಪಾಠಗಳೇ. ಅನುದಾನ ಕೋರುವವರು ಪ್ರಯೋಗದ ಕಟ್ಟುನಿಟ್ಟಿನ ಬಗ್ಗೆ ವಿವರಿಸಬೇಕೆಂಬ ನಿಯಮವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2016ರಲ್ಲಿ ಜಾರಿಗೆ ತಂದಿತು.

ಹಾಗೆಂದು ಎಲ್ಲವನ್ನೂ ಹೊರಗಿನಿಂದಲೇ ಕಲಿಯಬೇಕಾದ ಸ್ಥಿತಿ ನಮ್ಮದಲ್ಲ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಔಷಧಿ ನೀಡಿತು. ಮನೆಯಲ್ಲಿದ್ದವರಿಗೆ ಒಳ್ಳೆಯ ಆಹಾರ, ವಿಶ್ರಾಂತಿ ಇಲ್ಲದಿದ್ದರೂ ಗುಣವಾದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಮಂದಿಗೆ ರೋಗ ಹರಡುವ ಅಪಾಯವೂ ಹೆಚ್ಚಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಬಡರಾಷ್ಟ್ರಗಳ ಕ್ಷಯ ನಿಯಂತ್ರಣದ ದಿಕ್ಕನ್ನೇ ಬದಲಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ ದೇಶವ್ಯಾಪಿ ಕಾರ್ಯಕ್ರಮಕ್ಕೆ ಅದು ಬುನಾದಿಯಾಯಿತು.

1968ರಲ್ಲಿ ಚೆಂಗಲ್‌ಪಟ್ಟು ಪ್ರದೇಶದಲ್ಲಿ ಆರಂಭವಾದ ಬಿಸಿಜಿ ಲಸಿಕೆಯ ಪರೀಕ್ಷೆ ಇನ್ನೂ ಕಠಿಣವಾದುದು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಲಸಿಕೆ ಅಥವಾ ಲಸಿಕೆಯಿಲ್ಲದ ದ್ರವ ನೀಡಿ, ಯಾರಿಗೆ ಯಾವುದೆಂಬುದು ಕೊಟ್ಟವರಿಗೂ ಪಡೆದವರಿಗೂ ತಿಳಿಯದಂತೆ ನೋಡಿಕೊಳ್ಳಲಾಯಿತು. ವಯಸ್ಕರ ಶ್ವಾಸಕೋಶದ ಕ್ಷಯವನ್ನು ಆ ಲಸಿಕೆ ತಡೆಯಲಿಲ್ಲವೆಂಬ ಯಾರಿಗೂ ಬೇಡದ ಫಲಿತಾಂಶ 1979ರಲ್ಲಿ ಹೊರಬಿತ್ತು. ವಿಜ್ಞಾನಿಗಳು ಅದನ್ನು ಮುಚ್ಚಿಡಲಿಲ್ಲ. ಆದರೆ ಮಕ್ಕಳಲ್ಲಿ ಕ್ಷಯದ ತೀವ್ರ ರೂಪಗಳನ್ನು, ಮುಖ್ಯವಾಗಿ ಮಿದುಳುಪೊರೆಯ ಸೋಂಕನ್ನು, ಬಿಸಿಜಿ ತಡೆಯುವುದರಿಂದ ನವಜಾತ ಶಿಶುಗಳಿಗೆ ಅದನ್ನು ಇಂದಿಗೂ ಕೊಡಲಾಗುತ್ತಿದೆ. ಈ ಎರಡೂ ಸತ್ಯಗಳನ್ನು ಒಟ್ಟಿಗೆ, ತಾಯಂದಿರಿಗೆ ಗಾಬರಿಯಾಗದಂತೆ, ಆಡಳಿತಗಾರರು ತಪ್ಪು ತಿಳಿಯದಂತೆ ಹೇಳಬಲ್ಲ ಸಾಮರ್ಥ್ಯವೇ ವೈಜ್ಞಾನಿಕ ಸಂವಹನ. ಅಲಂಕಾರಿಕ ಸ್ಲೈಡುಗಳ ತಯಾರಿಕೆಯಲ್ಲ.

ನಮ್ಮ ನಿಯಂತ್ರಣ ಸಂಸ್ಥೆಗಳು ಕೈಕಟ್ಟಿ ಕುಳಿತಿವೆ ಎನ್ನುವಂತಿಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿಸಂಹಿತೆ ಕುರಿತ ಮೂವತ್ತು ಗಂಟೆಗಳ ಪಾಠವನ್ನು ಯುಜಿಸಿ 2019ರ ಕೊನೆಯಲ್ಲಿ ಕಡ್ಡಾಯಗೊಳಿಸಿತು. ಚೆನ್ನೈನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಪಿಡೆಮಿಯಾಲಜಿ ರೂಪಿಸಿದ ಜೀವವೈದ್ಯಕೀಯ ಸಂಶೋಧನೆಯ ಆನ್‌ಲೈನ್ ಪಾಠಕ್ರಮವನ್ನು ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಲಾಗಿದೆ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಇವೆಲ್ಲ ಸ್ವಾಗತಾರ್ಹ ಕ್ರಮಗಳೇ. ಆದರೆ ಈಜುವುದನ್ನು ದಡದಲ್ಲಿ ಕುಳಿತು ಉಪನ್ಯಾಸ ಕೇಳಿ ಕಲಿಯಲಾಗದು.

ಮಾಡಬೇಕಾದದ್ದು ದುಬಾರಿಯೇನಲ್ಲ. ಮೊದಲ ವರ್ಷದಲ್ಲೇ ಪ್ರತಿ ವಿದ್ಯಾರ್ಥಿ ಪ್ರಕಟಿತ ಪ್ರಬಂಧವೊಂದನ್ನು ಆರಿಸಿಕೊಂಡು ಅದರ ಅಂಕಿಅಂಶಗಳ ಲೆಕ್ಕವನ್ನು ಮತ್ತೆ ಮಾಡಲಿ. ಒಂದೇ ಒಂದು ಮಾದರಿಯನ್ನೂ ಸಂಗ್ರಹಿಸುವ ಮೊದಲು ಸಂಖ್ಯಾಶಾಸ್ತ್ರಜ್ಞರೊಂದಿಗೆ ಕುಳಿತು ತನ್ನ ಪ್ರಯೋಗದ ಯೋಜನೆ ಬರೆಯಲಿ. ಯಾವುದನ್ನು ಅಳೆಯುತ್ತೇನೆ, ಹೇಗೆ ವಿಶ್ಲೇಷಿಸುತ್ತೇನೆ ಎಂಬುದನ್ನು ದಿನಾಂಕ ಸಹಿತ ದಾಖಲಿಸಲಿ. ಕೊನೆಯಲ್ಲಿ ತನ್ನ ಕೆಲಸವನ್ನು ಬೇರೆ ವಿಭಾಗದವರಿಗೆ, ಒಂದು ಪುಟದ ಕನ್ನಡದಲ್ಲಿ ಸಾಮಾನ್ಯ ಓದುಗನಿಗೆ ವಿವರಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಿರೀಕ್ಷಿಸಿದ ಪರಿಣಾಮ ಕಾಣಲಿಲ್ಲವೆಂದು ಪ್ರಾಮಾಣಿಕವಾಗಿ ಬರೆದ ಪ್ರಬಂಧಕ್ಕೂ ಪರೀಕ್ಷಕರು ಪೂರ್ಣ ಅಂಕ ಕೊಡುವ ಮನಸ್ಸು ಮಾಡಲಿ. ವಾರ್ಡಿನ ಕೆಲಸದಲ್ಲೇ ಬಸವಳಿಯುವ ಸ್ನಾತಕೋತ್ತರ ವಿದ್ಯಾರ್ಥಿಗೆ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದುದೇ. ಹಾಗಿದ್ದಲ್ಲಿ ಪ್ರಬಂಧಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಹಲವು ವಿದ್ಯಾರ್ಥಿಗಳು ಸೇರಿ ಒಂದೇ ಉತ್ತಮ ಅಧ್ಯಯನ ನಡೆಸಲು ಅವಕಾಶ ಕೊಡುವುದು ಲೇಸು. ಒಬ್ಬೊಬ್ಬರೂ ಮೂವತ್ತು ನಲವತ್ತು ರೋಗಿಗಳನ್ನು ಹಿಡಿದು ಯಾವುದನ್ನೂ ಸಾಬೀತುಪಡಿಸಲಾಗದ ಸ್ಥಿತಿಗಿಂತ ಅದು ಎಷ್ಟೋ ಮೇಲು.

ಸರ್ಕಾರಿ ಸೇವೆಯಲ್ಲಿದ್ದವರಿಗೆ ಗೊತ್ತು, 'ಅಧ್ಯಯನಗಳು ತಿಳಿಸುವಂತೆ' ಎಂದು ಆರಂಭವಾಗುವ ಟಿಪ್ಪಣಿ ಕೋಟ್ಯಂತರ ರೂಪಾಯಿಗಳ ಮಂಜೂರಾತಿಯಲ್ಲಿ ಮುಗಿಯುತ್ತದೆ. ಟಿಪ್ಪಣಿ ಬರೆದ ಅಧಿಕಾರಿಗೂ ಸಹಿ ಹಾಕುವ ಸಚಿವರಿಗೂ ಆ ಅಧ್ಯಯನವನ್ನು ಪರೀಕ್ಷಿಸುವ ತಜ್ಞತೆ ಇರುವುದಿಲ್ಲ. ಎಲ್ಲೋ ಒಂದು ಪ್ರಯೋಗಶಾಲೆಯಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಇಪ್ಪತ್ತೈದರ ತರುಣನೋ ತರುಣಿಯೋ ಸರಿಯಾಗಿ ಎಣಿಸಿದ್ದಾರೆಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಅರ್ಥವಾಗದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ರಕ್ತ ಕೊಡುವ ರೋಗಿಯ ನಂಬಿಕೆಯೂ ಅದೇ. ಆ ನಂಬಿಕೆಗೆ ತಕ್ಕ ಶಿಕ್ಷಣವನ್ನು ನಮ್ಮ ಯುವಜನರಿಗೆ ಕೊಡುವುದು ವಿಶ್ವವಿದ್ಯಾಲಯಗಳ ಕನಿಷ್ಠ ಕರ್ತವ್ಯ.