ಎನ್‌ಲಾರ್ಜರ್ ಲೆನ್ಸನ್ನು ತಿರುಗಿಸಿಯೇ ಹಾಕಬೇಕೆ?

ಹಳೆಯ ಎನ್‌ಲಾರ್ಜರ್ ಲೆನ್ಸ್ ಒಂದನ್ನು ಕ್ಯಾಮೆರಾಕ್ಕೆ ಹೊಂದಿಸಿಕೊಂಡು ಇರುವೆ, ಜೇಡಗಳ ಮ್ಯಾಕ್ರೋ ಚಿತ್ರ ತೆಗೆಯಲು ಹೊರಟವರಿಗೆ ಮೊದಲು ಸಿಗುವ ಉಪದೇಶ ಒಂದೇ: ‘ಲೆನ್ಸನ್ನು ಹಿಂದುಮುಂದಾಗಿ ಹಾಕು, ಇಲ್ಲದಿದ್ದರೆ ಶಾರ್ಪ್ ಬರೋದಿಲ್ಲ.’ ಎಷ್ಟು ಪಟ್ಟು ಹಿಗ್ಗಿಸುವಾಗ ಎಂದು ಕೇಳಿದರೆ ಉತ್ತರವಿಲ್ಲ. ಯಾಕೆ ಎಂದರೂ ಉತ್ತರವಿಲ್ಲ. ಎಲ್ಲರೂ ಹಾಗೆ ಹೇಳುತ್ತಾರೆ, ಅಷ್ಟೆ. ಈ ಅರ್ಧ ಸತ್ಯ ಒಳ್ಳೊಳ್ಳೆಯ ಲೆನ್ಸುಗಳಿಗೆ ಕೆಟ್ಟ ಹೆಸರು ತಂದಿದೆ, ಬೇಡದ ರಿಂಗುಗಳಿಗೆ ದುಡ್ಡು ಸುರಿಯುವಂತೆ ಮಾಡಿದೆ.

ಈ ಲೆನ್ಸ್ ಡಾರ್ಕ್‌ರೂಮಿನಲ್ಲಿ ಏನು ಮಾಡುತ್ತಿತ್ತು ಎಂದು ಒಮ್ಮೆ ಯೋಚಿಸಿದರೆ ಗೊಂದಲವೇ ಇರುವುದಿಲ್ಲ. 35 ಎಂಎಂ ನೆಗೆಟಿವ್‌ನಿಂದ 8×12 ಇಂಚಿನ ಪ್ರಿಂಟ್ ತೆಗೆಯಲು ಚಿತ್ರವನ್ನು ಸುಮಾರು 8 ಪಟ್ಟು ಹಿಗ್ಗಿಸಬೇಕು. 50 ಎಂಎಂ ಲೆನ್ಸ್ ಹಾಕಿದ್ದರೆ ಆಗ ನೆಗೆಟಿವ್ ಇರುವುದು ಲೆನ್ಸಿನಿಂದ ಸುಮಾರು 56 ಮಿ.ಮೀ. ಮೇಲೆ, ಪೇಪರ್ ಇರುವುದು 450 ಮಿ.ಮೀ. ಕೆಳಗೆ. ಥ್ರೆಡ್ ಇರುವ ಬದಿ ನೆಗೆಟಿವ್ ಕಡೆಗೆ, ಹೆಸರು ಬರೆದ ಮುಂಬದಿ ಪೇಪರ್ ಕಡೆಗೆ. ನಿಕಾನ್‌ನ ಇಎಲ್-ನಿಕ್ಕಾರ್ 50 ಎಂಎಂ ಎಫ್/2.8 ಲೆನ್ಸನ್ನು ರೂಪಿಸಿದ್ದೇ ಈ 8 ಪಟ್ಟಿನ ಲೆಕ್ಕಕ್ಕೆ. 2ರಿಂದ 20 ಪಟ್ಟಿನವರೆಗೆ ಅದರ ವ್ಯಾಪ್ತಿ. ಅಂದರೆ ಥ್ರೆಡ್ಡಿನ ಬದಿಗೆ ಹತ್ತಿರದ ವಸ್ತು ಬೇಕು, ಮುಂಬದಿಗೆ ದೂರದ್ದು ಬೇಕು. ಬೆಳಕು ಈ ಕಡೆಯಿಂದ ಹೋಯಿತೋ ಆ ಕಡೆಯಿಂದ ಬಂತೋ ಎಂಬುದು ಲೆನ್ಸಿಗೆ ಸಂಬಂಧವಿಲ್ಲದ ಮಾತು. ಅದಕ್ಕೆ ಬೇಕಾದದ್ದು ಈ ದೂರಗಳು.

ಈಗ ಕ್ಯಾಮೆರಾಕ್ಕೆ ಬನ್ನಿ. ರೆಕ್ಕೆ ಬಿಚ್ಚಿ ಕೂತ ನಿಂಬೆ ಚಿಟ್ಟೆಯನ್ನು ಅದರ ಗಾತ್ರದ ಕಾಲು ಭಾಗದಷ್ಟು ಸೆನ್ಸರಿನ ಮೇಲೆ ಮೂಡಿಸಬೇಕು ಅನ್ನಿ. ಅದೇ 50 ಎಂಎಂ ಲೆನ್ಸಿನಲ್ಲಿ ಚಿಟ್ಟೆ 250 ಮಿ.ಮೀ. ದೂರ, ಸೆನ್ಸರ್ 62 ಮಿ.ಮೀ. ಹತ್ತಿರ. ಪೇಪರಿನ ಜಾಗದಲ್ಲಿ ಚಿಟ್ಟೆ ಇದೆ, ನೆಗೆಟಿವ್‌ನ ಜಾಗದಲ್ಲಿ ಸೆನ್ಸರ್ ಇದೆ. ಲೆನ್ಸ್ ನೇರವಾಗಿಯೇ ಇರಬೇಕು. ಇಲ್ಲಿ ತಿರುಗಿಸಿದರೆ ಅದರ ರಚನೆಗೇ ವಿರುದ್ಧವಾಗಿ ದುಡಿಸಿದಂತಾಗುತ್ತದೆ. ಇನ್ನು ಹಾರುವ ಜೇಡದ ಮುಖವನ್ನು 3 ಪಟ್ಟು ಹಿಗ್ಗಿಸಬೇಕು ಎಂದರೆ ಲೆಕ್ಕ ತಲೆಕೆಳಗಾಗುತ್ತದೆ: ಜೇಡ 67 ಮಿ.ಮೀ. ದೂರದಲ್ಲಿ, ಸೆನ್ಸರ್ 200 ಮಿ.ಮೀ. ದೂರದಲ್ಲಿ. ಆಗ ಲೆನ್ಸ್ ತಿರುಗಲೇಬೇಕು. ಗಡಿ ಇರುವುದು ಸಮಗಾತ್ರದಲ್ಲಿ, ಅಂದರೆ 1:1ರಲ್ಲಿ. ಅದಕ್ಕಿಂತ ಕಡಿಮೆಯಾದರೆ ನೇರ, ಹೆಚ್ಚಾದರೆ ತಿರುವು. ಗಡಿಯ ಆಸುಪಾಸಿನಲ್ಲಿ ಹೇಗೆ ಹಾಕಿದರೂ ದೊಡ್ಡ ವ್ಯತ್ಯಾಸವಿಲ್ಲ, ಏಕೆಂದರೆ ಈ ಲೆನ್ಸುಗಳ ಒಳಗಿನ ಗಾಜುಗಳ ಜೋಡಣೆ ಎರಡೂ ಬದಿಗೆ ಬಹುತೇಕ ಒಂದೇ ಥರ ಇರುತ್ತದೆ. ಸರಿಯಾಗಿ 1:1ಕ್ಕೇ ಬೇಕೆನ್ನುವವರಿಗೆ ರೋಡೆನ್‌ಸ್ಟಾಕ್ ಕಂಪನಿ ಅಪೋ-ರೋಡಗಾನ್-ಡಿ 75 ಎಂಎಂ ಎಫ್/4 ಎಂಬ ಬೇರೆಯ ಲೆನ್ಸನ್ನೇ ಮಾಡಿತ್ತು.

ನಿಮ್ಮ ಚಿತ್ರ ಎಷ್ಟು ಪಟ್ಟು ಎಂದು ತಿಳಿಯಲು ಶಾಲೆಯ ಸ್ಕೇಲ್ ಒಂದು ಸಾಕು. ಅದನ್ನು ಫೋಕಸ್ ಮಾಡಿ, ಚಿತ್ರದ ಅಗಲದಲ್ಲಿ ಎಷ್ಟು ಮಿಲಿಮೀಟರ್ ಕಾಣುತ್ತದೆ ಎಣಿಸಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 36 ಕಂಡರೆ ಸಮಗಾತ್ರ, 12 ಕಂಡರೆ 3 ಪಟ್ಟು. ಎಪಿಎಸ್-ಸಿ ಕ್ಯಾಮೆರಾದಲ್ಲಿ ಸುಮಾರು 24 ಕಂಡರೆ ಸಮಗಾತ್ರ, 8 ಕಂಡರೆ 3 ಪಟ್ಟು. ಒಂದು ನಿಮಿಷದ ಕೆಲಸ. ಇದನ್ನು ಮಾಡದೆ ಲೆನ್ಸಿನ ದಿಕ್ಕಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರನ್ನು ಕಂಡರೆ ತಾಳ್ಮೆ ಕೆಡುತ್ತದೆ.

ಈ ನಂಬಿಕೆ ಬಂದದ್ದು ಎಲ್ಲಿಂದ? ಫಿಲ್ಮ್ ಕಾಲದಲ್ಲಿ ಮಾಮೂಲಿ 50 ಎಂಎಂ ಕ್ಯಾಮೆರಾ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗಿಸುತ್ತಿದ್ದರು. ಆ ಲೆನ್ಸ್ ದೂರದ ಬೆಟ್ಟಕ್ಕೆಂದು ಮಾಡಿದ್ದು; 1:1 ದಾಟಿದ ಮೇಲೆ ತಿರುಗಿಸಿದರೆ ಚಿತ್ರ ಸುಧಾರಿಸುವುದು ನಿಜ. ಆ ನಿಯಮದ ಷರತ್ತು ಕಳಚಿಬಿದ್ದು, ನಿಯಮ ಮಾತ್ರ ಎನ್‌ಲಾರ್ಜರ್ ಲೆನ್ಸಿಗೂ ಅಂಟಿಕೊಂಡಿತು. ತಿರುಗಿಸಿದರೆ ಚಿತ್ರ ದೊಡ್ಡದಾಗುತ್ತದೆ ಎಂಬುದೂ ಅಲ್ಲಿಂದಲೇ ಬಂದ ಮಾತು. ಎಸ್‌ಎಲ್‌ಆರ್‌ನ 28 ಎಂಎಂ ವೈಡ್ ಲೆನ್ಸಿನಲ್ಲಿ ಅದು ನಿಜ. ಎನ್‌ಲಾರ್ಜರ್ ಲೆನ್ಸಿನಲ್ಲಿ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವಿನ ಬೆಲ್ಲೋಸನ್ನು (ಹಿಗ್ಗಿ ಕುಗ್ಗುವ ಮಡಿಕೆ ಕೊಳವೆ) ಎಷ್ಟು ಉದ್ದ ಎಳೆದಿದ್ದೀರಿ ಎಂಬುದೇ ಮುಖ್ಯ.

ಇದಕ್ಕಿಂತ ಕುತೂಹಲದ ಕಾರಣ ಇನ್ನೊಂದಿದೆ. ಇಎಲ್-ನಿಕ್ಕಾರ್‌ನ ಹೊಸ ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ. ಅಪರ್ಚರ್ ಅಂಕಿ ತೋರಿಸುವ ಜಾಗದಲ್ಲಿ ಪಾರದರ್ಶಕ ಕಿಟಕಿಯಿದೆ. ಕತ್ತಲಲ್ಲಿ ಅಂಕಿ ಕಾಣಲೆಂದು ಎನ್‌ಲಾರ್ಜರ್ ದೀಪದ ಬೆಳಕನ್ನೇ ಲೆನ್ಸಿನ ಹಿಂಬದಿಯಿಂದ ಅಲ್ಲಿಗೆ ಹಾಯಿಸುವ ವ್ಯವಸ್ಥೆ ಅದು. ಡಾರ್ಕ್‌ರೂಮಿನಲ್ಲಿ ಅದು ದೊಡ್ಡ ಅನುಕೂಲ. ಕ್ಯಾಮೆರಾಕ್ಕೆ ನೇರವಾಗಿ ಹಾಕಿದಾಗ ಅದೇ ದಾರಿಯಲ್ಲಿ ಬಿಸಿಲು ಉಲ್ಟಾ ಒಳಗೆ ನುಗ್ಗಿ ಸೆನ್ಸರಿನ ಮೇಲೆ ಬೀಳುತ್ತದೆ. ಕಪ್ಪು ಭಾಗ ಬೂದು ಬಣ್ಣಕ್ಕೆ ತಿರುಗುತ್ತದೆ, ಚಿತ್ರವೆಲ್ಲ ಮಂಕು. ಲೆನ್ಸನ್ನು ತಿರುಗಿಸಿದರೆ ಆ ಸಂದು ಕ್ಯಾಮೆರಾದಿಂದ ಆಚೆ ಉಳಿಯುತ್ತದೆ, ಮಂಕು ಮಾಯ. ನೋಡಿದವರು ‘ತಿರುಗಿಸಿದ್ದಕ್ಕೇ ಶಾರ್ಪ್ ಆಯಿತು’ ಎನ್ನುತ್ತಾರೆ. ಆಗಬೇಕಿದ್ದದ್ದು ಆ ಕಿಟಕಿಗೆ ಒಂದು ತುಂಡು ಕಪ್ಪು ಟೇಪು. ಇಂಥ ಕಿಟಕಿ ಬೇರೆ ಕಂಪನಿಗಳ ಎಷ್ಟೋ ಲೆನ್ಸುಗಳಲ್ಲೂ ಇದೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಅಪರ್ಚರ್ ಎಫ್/16ಕ್ಕೆ ಇಳಿಸಿದಷ್ಟೂ ಒಳ್ಳೆಯದು ಎಂಬುದು ತಪ್ಪು: 3 ಪಟ್ಟು ಹಿಗ್ಗಿಸುವಾಗ ಎಫ್/16 ಎಂಬುದು ಎಫ್/64ರಂತೆ ವರ್ತಿಸುತ್ತದೆ, ಬೆಳಕಿನ ಒಂದು ಚುಕ್ಕೆ ಸೆನ್ಸರಿನ ಮೇಲೆ ಸುಮಾರು 86 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್, ಅಂದರೆ ಆ ಚುಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್‌ಗಳನ್ನು ನುಂಗುತ್ತದೆ. ಎಫ್/4 ಅಥವಾ 5.6ರಲ್ಲಿ ಫೋಕಸ್ಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರ ತೆಗೆದು ಸ್ಟ್ಯಾಕ್ ಮಾಡುವುದೇ, ಅಂದರೆ ಒಂದೇ ಚಿತ್ರವಾಗಿ ಸೇರಿಸುವುದೇ ದಾರಿ. ಜರ್ಮನ್ ಹೆಸರಿದ್ದರೆ ಸಾಕು ಎಂಬುದೂ ತಪ್ಪು: ಶ್ನೈಡರ್‌ನ ಕಾಂಪೊನಾನ್ 6 ಗಾಜಿನ ಲೆನ್ಸ್, ಅದೇ ಕಂಪನಿಯ ಕಾಂಪೊನಾರ್ ಅಗ್ಗದ, ಸರಳ ಲೆನ್ಸ್. ಒಂದಕ್ಷರ ನೋಡದೆ ದುಡ್ಡು ಕೊಡಬೇಡಿ. ಅಂಚಿನಲ್ಲಿ ಎರಡು ಎಳೆ ಫಂಗಸ್ ಇದ್ದ ಮಾತ್ರಕ್ಕೆ ಲೆನ್ಸ್ ಕಸವಲ್ಲ.

ನನಗೆ ಸಿಟ್ಟು ಬರುವುದು ಒಂದು ಲೆನ್ಸಿನ ವಿಷಯಕ್ಕಲ್ಲ. ಹತ್ತು ನಿಮಿಷದಲ್ಲಿ ಮನೆಯ ಮೇಜಿನ ಮೇಲೆಯೇ ಪರೀಕ್ಷಿಸಿ ನೋಡಬಹುದಾದದ್ದನ್ನೂ ನಾವು ಬೇರೆಯವರ ಬಾಯಿಂದ ಕೇಳಿ ನಂಬುತ್ತೇವೆ. ನೂರು ಜನ ಒಂದೇ ಮಾತು ಹೇಳಿದರೆ ನೂರು ಜನ ಪರೀಕ್ಷಿಸಿದ್ದಾರೆ ಎಂದುಕೊಳ್ಳುತ್ತೇವೆ. ಒಬ್ಬ ಹೇಳಿದ್ದನ್ನು ತೊಂಬತ್ತೊಂಬತ್ತು ಜನ ದಾಟಿಸಿರಬಹುದು ಎಂದು ಅನುಮಾನಿಸುವುದಿಲ್ಲ. ಸಾಕ್ಷಿ ಕೇಳಿದರೆ ತೋರಿಸುವುದು ಒಂದು ಇರುವೆಯ ಚಿತ್ರ. ಅದರಲ್ಲಿ ಫೋಕಸ್ ಇರುವುದು ನಡುವಿನ ಕಣ್ಣೊಂದೇ, ಸುತ್ತಲೂ ಮಸುಕು. ಲೆನ್ಸ್ ತಪ್ಪು ದಿಕ್ಕಿನಲ್ಲಿದ್ದರೆ ಕೆಡುವುದು ಮುಖ್ಯವಾಗಿ ಚಿತ್ರದ ಮೂಲೆಗಳು, ಮೂಲೆಯಲ್ಲಿ ಏನೂ ಇಲ್ಲದ ಚಿತ್ರ ಏನನ್ನು ಸಾಬೀತು ಮಾಡೀತು? ಈ ಮಾತುಗಳಿಗೆ ಬಲಿಯಾಗುವವರು ಹತ್ತಾರು ಸಾವಿರ ಕೊಟ್ಟು ಮ್ಯಾಕ್ರೋ ಲೆನ್ಸ್ ಕೊಳ್ಳಲಾಗದ ವಿದ್ಯಾರ್ಥಿಗಳು ಎಂಬುದು ಹೆಚ್ಚು ನೋವಿನ ಸಂಗತಿ.

ನಿಕಾನ್ 2006ರಲ್ಲೇ ಎನ್‌ಲಾರ್ಜರ್ ಲೆನ್ಸುಗಳ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಇರುವವು ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿವೆ, ಗುಜರಿಯಲ್ಲಿವೆ. ಸಿಕ್ಕರೆ ಬಿಡಬೇಡಿ. ತಂದು, ಕಿಟಕಿಗೆ ಟೇಪು ಅಂಟಿಸಿ, ಗೋಡೆಗೆ ಸಮತಟ್ಟಾಗಿ ಅಂಟಿಸಿದ ದಿನಪತ್ರಿಕೆಯ ಅಕ್ಷರಗಳನ್ನು ಒಮ್ಮೆ ನೇರವಾಗಿ, ಒಮ್ಮೆ ತಿರುಗಿಸಿ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ಮೂಲೆಗಳನ್ನು ಹೋಲಿಸಿ ನೋಡಿ. ಯಾವುದು ಚೆನ್ನಾಗಿದೆಯೋ ಹಾಗೆ ಹಾಕಿ.