ಅಡಿಪಾಯ ರಿಪೇರಿಗೆ ಎಷ್ಟು ಖರ್ಚಾಗುತ್ತದೆ? ಬಿರುಕು ಮುಚ್ಚಿಸುವ ಮುನ್ನ ಈ ಲೆಕ್ಕ ತಿಳಿದಿರಲಿ

ಊರಿನ ಮನೆಯ ಗೋಡೆ ಬಿರುಕು ಬಿಟ್ಟಿದೆ ಎಂದು ಫೋನ್ ಬರುತ್ತದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಮಕ್ಕಳು ಹಣ ಕಳಿಸುತ್ತಾರೆ. ಮೇಸ್ತ್ರಿ ಬಂದು ಸಿಮೆಂಟ್ ಮೆತ್ತಿ, ಬಣ್ಣ ಹೊಡೆದು ಹೋಗುತ್ತಾರೆ. ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಬಿರುಕು ಮತ್ತೆ ಬಾಯಿ ಬಿಡುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ, ರಾಯಚೂರು ಕಡೆಯ ಎರೆ ಭೂಮಿಯಲ್ಲಿ ಮನೆ ಇರುವವರಿಗೆ ಇದು ಹೊಸದೇನಲ್ಲ.

ಪಾಯದ ಕೆಳಗಿನ ಮಣ್ಣು ಯಾಕೆ ಅಲುಗಿತು ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ರಿಪೇರಿಯ ಖರ್ಚನ್ನು ನಿರ್ಧರಿಸುತ್ತದೆ. ಆ ಕಾರಣ ತಿಳಿಯದೆ ಮಾಡಿಸಿದ ಕೆಲಸಕ್ಕೆ ಎರಡೆರಡು ಬಾರಿ ಹಣ ಕೊಡಬೇಕಾಗುತ್ತದೆ.

ಎರೆ ಮಣ್ಣಿನ ಮೇಲಿನ ಮನೆ ಯಾಕೆ ಅಲುಗುತ್ತದೆ?

ದಖನ್ ಪ್ರಸ್ಥಭೂಮಿಯ ಕಪ್ಪು ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚಾಗಿರುತ್ತದೆ. ಇದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಇದರಿಂದಲೇ. ಮನೆಯ ಕೆಳಗೂ ಇದೇ ಆಟ ನಡೆಯುತ್ತದೆ. ಆದರೆ ಎಲ್ಲ ಕಡೆ ಒಂದೇ ಸಮನಾಗಿ ನಡೆಯುವುದಿಲ್ಲ. ಬಚ್ಚಲಿನ ಪೈಪ್ ಸೋರುವ ಮೂಲೆ ವರ್ಷವಿಡೀ ಒದ್ದೆಯಾಗಿರುತ್ತದೆ, ಬಿಸಿಲು ಬೀಳುವ ಇನ್ನೊಂದು ಬದಿ ಒಣಗುತ್ತದೆ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಾಗ ಮಧ್ಯದ ಗೋಡೆ ಸೀಳುತ್ತದೆ.

ಈ ಏರಿಳಿತ ಕಾಣುವ ಪದರ ನಮ್ಮ ಎರೆ ಪ್ರದೇಶಗಳಲ್ಲಿ ಸುಮಾರು 3.5 ಮೀಟರ್ ಆಳದವರೆಗೂ ಇರಬಹುದು. ಅದಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ 'ಅಂಡರ್‌ರೀಮ್ಡ್ ಪೈಲ್' ವಿಧಾನವನ್ನು ಅಭಿವೃದ್ಧಿಪಡಿಸಿತು. ಹಳೆಯ ಮನೆಗಳ ಕಲ್ಲಿನ ಪಾಯ ಸಾಮಾನ್ಯವಾಗಿ ಅಷ್ಟು ಆಳಕ್ಕೆ ಇಳಿದಿರುವುದಿಲ್ಲ.

ಬಿರುಕು ಎಷ್ಟು ಅಗಲವಿದ್ದರೆ ಅಪಾಯ?

ಬ್ರಿಟನ್‌ನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣವನ್ನು ಎಂಜಿನಿಯರ್‌ಗಳು ಹಲವೆಡೆ ಬಳಸುತ್ತಾರೆ. ಅದರ ಪ್ರಕಾರ 5 ಮಿ.ಮೀ. ವರೆಗಿನ ಬಿರುಕು ಮುಖ್ಯವಾಗಿ ನೋಟಕ್ಕೆ ಸಂಬಂಧಿಸಿದ್ದು. 5ರಿಂದ 15 ಮಿ.ಮೀ. ಆದರೆ ಬಾಗಿಲು, ಕಿಟಕಿ ಸಿಕ್ಕಿಕೊಳ್ಳಬಹುದು, ಪೈಪ್ ಒಡೆಯಬಹುದು. 15 ಮಿ.ಮೀ. ದಾಟಿದರೆ ಗೋಡೆಯ ಭಾಗಗಳನ್ನೇ ತೆಗೆದು ಕಟ್ಟಬೇಕಾಗಬಹುದು. 25 ಮಿ.ಮೀ. ಮೀರಿದರೆ ಕಟ್ಟಡದ ಸ್ಥಿರತೆಗೇ ಕುತ್ತು.

ಅಗಲದಷ್ಟೇ ಮುಖ್ಯವಾದದ್ದು ಚಲನೆ. ಬಿರುಕಿನ ಎರಡೂ ಬದಿ ಪೆನ್ಸಿಲ್ ಗುರುತು ಹಾಕಿ, ದಿನಾಂಕ ಬರೆದು, ತಿಂಗಳಿಗೊಮ್ಮೆ ಅಳತೆ ತೆಗೆದು ಫೋಟೊ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಂಡರೆ ಮಣ್ಣು ಉಸಿರಾಡುತ್ತಿದೆ ಎಂದರ್ಥ. ಒಂದೇ ಸಮನೆ ದೊಡ್ಡದಾಗುತ್ತಿದ್ದರೆ ಪಾಯ ಕುಸಿಯುತ್ತಿರಬಹುದು. ಕಾಲಂನಲ್ಲಿ ಬಿರುಕು ಬಂದಿದ್ದರೆ, ಲಿಂಟಲ್ ಜಗ್ಗಿದ್ದರೆ ಅಥವಾ ಗೋಡೆ ವಾಲಿದ್ದರೆ ಅಳತೆ ತೆಗೆಯುತ್ತಾ ಕೂರಬೇಡಿ. ಆ ಭಾಗದಲ್ಲಿ ಮಲಗುವುದನ್ನು ನಿಲ್ಲಿಸಿ, ತಕ್ಷಣ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಮೊದಲು ನೀರು, ಆಮೇಲೆ ಪಾಯ

ಅತಿ ಅಗ್ಗದ ಕೆಲಸಗಳೇ ಮೊದಲು ಆಗಬೇಕು. ಸೋರುವ ನಲ್ಲಿ ಪೈಪ್ ಮತ್ತು ಒಳಚರಂಡಿ ರಿಪೇರಿ, ಮಾಳಿಗೆಯ ನೀರನ್ನು ಗೋಡೆಯಿಂದ ದೂರ ಒಯ್ಯುವ ಪೈಪ್, ಮನೆಯ ಸುತ್ತ ಕನಿಷ್ಠ 1 ಮೀಟರ್ ಅಗಲದ, ಹೊರಕ್ಕೆ ಇಳಿಜಾರಿರುವ ಕಾಂಕ್ರೀಟ್ ಪಟ್ಟಿ. ಗೋಡೆಗೆ ಅಂಟಿಕೊಂಡಂತೆ ದೊಡ್ಡ ಮರವಿದ್ದರೆ ಅದರ ಬೇರು ಪಾಯದಡಿಯ ತೇವ ಹೀರುತ್ತದೆ. ಹಾಗೆಂದು ಮರವನ್ನು ಏಕಾಏಕಿ ಕಡಿದರೆ ಒಣಗಿದ್ದ ಎರೆ ಮಣ್ಣು ಮತ್ತೆ ನೀರು ಕುಡಿದು ಉಬ್ಬಬಹುದು. ಎಂಜಿನಿಯರ್ ಸಲಹೆ ಪಡೆದೇ ಮುಂದುವರಿಯಿರಿ.

ಇಷ್ಟು ಮಾಡಿ ಒಂದು ಬೇಸಿಗೆ, ಒಂದು ಮಳೆಗಾಲ ಕಾದ ಮೇಲೆ ಬಿರುಕು ನಿಂತಿದ್ದರೆ, ಸರಳು ಕೂರಿಸಿ ಹೊಲಿಗೆ ಹಾಕಿದಂತೆ ಗೋಡೆ ಜೋಡಿಸುವುದು ಮತ್ತು ಗ್ರೌಟಿಂಗ್ ಸಾಕಾಗಬಹುದು. ಪಾಯ ಮುಟ್ಟುವ ಖರ್ಚೇ ಉಳಿಯುತ್ತದೆ.

ಅಂಡರ್‌ಪಿನ್ನಿಂಗ್ ಯಾಕೆ ದುಬಾರಿ?

ಚಲನೆ ನಿಲ್ಲದಿದ್ದಾಗ ಹಳೆಯ ಪಾಯದ ಕೆಳಗೆ ಅಗೆದು, ಗಟ್ಟಿ ನೆಲದವರೆಗೆ ಹೊಸ ಕಾಂಕ್ರೀಟ್ ತುಂಬಬೇಕಾಗುತ್ತದೆ. ಇದೇ ಅಂಡರ್‌ಪಿನ್ನಿಂಗ್. ಇಡೀ ಗೋಡೆಯ ಬುಡವನ್ನು ಒಮ್ಮೆಗೇ ಅಗೆದರೆ ಗೋಡೆ ಕೂತುಬಿಡುತ್ತದೆ. ಹಾಗಾಗಿ 1ರಿಂದ 1.5 ಮೀಟರ್ ಉದ್ದದ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ಕೆಲಸ ಸಾಗುತ್ತದೆ.

ಒಂದು ಲೆಕ್ಕ ನೋಡೋಣ. 10 ಮೀಟರ್ ಉದ್ದದ ಗೋಡೆಯನ್ನು 1.25 ಮೀಟರ್‌ನ 8 ತುಂಡು ಮಾಡಿದರೆ, 1 ಮೀಟರ್ ಅಗಲ, 2 ಮೀಟರ್ ಆಳದ 8 ಗುಂಡಿ ತೆಗೆಯಬೇಕು. ಅಂದರೆ 20 ಘನ ಮೀಟರ್ ಮಣ್ಣು, ಬಹುಪಾಲು ಕೈಯಿಂದಲೇ. ಪ್ರತಿ ತುಂಡಿನಲ್ಲಿ 0.6 ಮೀಟರ್ ಅಗಲ, 1 ಮೀಟರ್ ಎತ್ತರಕ್ಕೆ ಕಾಂಕ್ರೀಟ್ ಹಾಕಿದರೆ ಒಟ್ಟು 6 ಘನ ಮೀಟರ್. ಇದಕ್ಕೆ ಬೇಕಾಗುವ ಸಿಮೆಂಟ್ ಸುಮಾರು 50 ಚೀಲ. ಚೀಲಕ್ಕೆ 400 ರೂ. ಹಿಡಿದರೂ 20 ಸಾವಿರ ರೂಪಾಯಿ.

ಹಾಗಾದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ? ಗೋಡೆಗೆ ಆಸರೆ ಕೊಡುವುದು, ಇಕ್ಕಟ್ಟಿನಲ್ಲಿ ಅಗೆಯುವ ಕೂಲಿ, ಕಬ್ಬಿಣ, ಕ್ಯೂರಿಂಗ್‌ಗೆ ಕಾಯುವ ದಿನ, ಕಿತ್ತ ನೆಲಹಾಸು ಮತ್ತು ಪ್ಲಾಸ್ಟರ್ ಮರುಕೆಲಸಕ್ಕೆ. 8 ತುಂಡುಗಳನ್ನು 3 ಹಂತದಲ್ಲಿ ಮುಗಿಸಿ, ಹಂತಕ್ಕೆ 10 ದಿನ ಎಂದುಕೊಂಡರೆ ಒಂದೇ ಗೋಡೆಗೆ ಒಂದು ತಿಂಗಳು. ಗಟ್ಟಿ ನೆಲ ಇನ್ನೂ ಕೆಳಗಿದ್ದರೆ ಪೈಲ್ ಬೇಕಾಗುತ್ತದೆ. ಆಗ ಯಂತ್ರ ತರಿಸುವ ಖರ್ಚೂ ಸೇರುತ್ತದೆ.

ಕೊಟೇಶನ್‌ನಲ್ಲಿ ಏನಿರಬೇಕು?

'ಇಡೀ ಕೆಲಸಕ್ಕೆ ಇಷ್ಟು' ಎಂಬ ಒಂದೇ ಸಾಲಿನ ಕೊಟೇಶನ್ ಒಪ್ಪಬೇಡಿ. ಅಗೆತ ಮತ್ತು ಕಾಂಕ್ರೀಟ್ ಘನ ಮೀಟರ್‌ನಲ್ಲಿ, ಕಬ್ಬಿಣ ಕಿಲೋದಲ್ಲಿ, ಪೈಲ್ ಇದ್ದರೆ ಅದರ ಸಂಖ್ಯೆ ಮತ್ತು ಆಳ ಬೇರೆ ಬೇರೆಯಾಗಿ ಇರಲಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯೊಂದಿಗೆ ಹೋಲಿಸಿದರೆ ದರ ಅತಿಯಾಯಿತೇ ಎಂದು ತಿಳಿಯುತ್ತದೆ. ನೋಂದಾಯಿತ ಗುತ್ತಿಗೆದಾರರಾದರೆ ಶೇ. 18ರಷ್ಟು ಜಿಎಸ್‌ಟಿ ಸೇರುತ್ತದೆ. 3 ಲಕ್ಷ ರೂ. ಕೆಲಸಕ್ಕೆ ಅದೇ 54 ಸಾವಿರ.

ಕೆಲಸ ಹಿಡಿಯುವವರ ಬಳಿಯೇ ತಪಾಸಣೆ ಮಾಡಿಸುವುದಕ್ಕಿಂತ, ಬೇರೆ ಎಂಜಿನಿಯರ್‌ಗೆ ಶುಲ್ಕ ಕೊಟ್ಟು ಮಣ್ಣಿನ ಪರೀಕ್ಷೆ ಸಹಿತ ವರದಿ ಪಡೆಯುವುದು ಲೇಸು. ಪಾಯ ಮುಟ್ಟಬೇಕೇ ಬೇಡವೇ ಎಂಬುದು ಆ ವರದಿಯಿಂದಲೇ ಗೊತ್ತಾಗುತ್ತದೆ.

ವಿಮೆ, ಸಾಲ, ಬಿಲ್ಡರ್

2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಮನೆ ನಿಂತ ನೆಲ ಕುಸಿದರೆ ರಕ್ಷಣೆ ಇದೆ. ಆದರೆ ಹೊಸ ಕಟ್ಟಡದ ಸಾಮಾನ್ಯ ಬಿರುಕು, ಮಣ್ಣು ತುಂಬಿ ಎತ್ತರಿಸಿದ ನೆಲದ ಕುಸಿತ, ದೋಷಪೂರಿತ ವಿನ್ಯಾಸ ಅಥವಾ ಕಳಪೆ ಕಾಮಗಾರಿಗೆ ಪರಿಹಾರ ಸಿಗುವುದಿಲ್ಲ. ರಿಪೇರಿಗೆ ಸಾಲ ಪಡೆದರೆ, ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ವರ್ಷಕ್ಕೆ 30 ಸಾವಿರ ರೂ. ವರೆಗಿನ ಬಡ್ಡಿಗೆ ವಿನಾಯಿತಿ ಇದೆ.

ಫ್ಲ್ಯಾಟ್ ಖರೀದಿಸಿದವರಿಗೆ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ಆಸರೆ. ಸ್ವಾಧೀನ ಪಡೆದ 5 ವರ್ಷದೊಳಗೆ ರಚನಾ ದೋಷ ಕಂಡು ದೂರು ಕೊಟ್ಟರೆ, ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮದಂತೆ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಮುಂಬೈ, ಪುಣೆಯಲ್ಲಿರುವವರು ಸೊಸೈಟಿ ಸಭೆಯಲ್ಲಿ ಈ ವರದಿ ಕೇಳಬಹುದು.

ವಿಮೆ, ರೇರಾ, ಗುತ್ತಿಗೆದಾರ ಯಾರ ಬಳಿ ಹೋದರೂ ಮೊದಲು ಕೇಳುವುದು ದಾಖಲೆ. ದಿನಾಂಕ ಸಹಿತ ಫೋಟೊಗಳನ್ನು ಇಂದಿನಿಂದಲೇ ತೆಗೆದಿಡಲು ಊರಿನವರಿಗೆ ಹೇಳಿ.