ಕಾಂಟೆಸ್ಸಾ ಕೊಳ್ಳೋಕೆ ಹೊರಟ್ರಾ?

ಹಳೇ ಕಾಂಟೆಸ್ಸಾ ಮಾರಾಟಕ್ಕಿದೆ, ಹೊಸದರ ಹಾಗೆ ಹೊಳೀತಿದೆ. ಸ್ವಲ್ಪ ತಾಳಿ!

ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಎಕ್ಸ್ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ ಕಟ್ಟಿದ ಕಾರಿದು. ಮೊದಮೊದಲು ಇದಕ್ಕೆ ಅಂಬಾಸಿಡರ್‌ನ 1.5 ಲೀಟರ್ ಇಂಜಿನ್. ಇಷ್ಟು ದೊಡ್ಡ ಮೈಗೆ ಎಲ್ಲಿ ಸಾಲತ್ತೆ, ಏರು ಬಂದ್ರೆ ಏದುಸಿರು. ಆಮೇಲೆ ಬಂದ 1.8 ಲೀಟರ್ ಇಸುಜು ಪೆಟ್ರೋಲ್ ಇಂಜಿನ್ನೇ ಇದರ ಜೀವ. ಬಾನೆಟ್ ಎತ್ತಿ, ಅದಿದೆಯಾ ನೋಡಿ.

ಈಗ ಕಾಲಡಿಯ ಮ್ಯಾಟ್ ಸರಿಸಿ, ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದ್ರೆ ಸರಿ. ಸದ್ದು ಮಂಕಾಗಿದ್ರೆ ಒಳಗೆ ತುಕ್ಕು, ಮೇಲೆ ಪುಟ್ಟಿ. ಪೇಂಟ್ ಯಾರು ಬೇಕಾದ್ರೂ ಹೊಡೀತಾರೆ ಬಿಡಿ.

ತಯಾರಿಕೆ ನಿಂತಿದ್ದು 2002ರಲ್ಲಿ, ಬಿಡಿಭಾಗಕ್ಕೆ ಅಲೆದಾಟ ಇದ್ದದ್ದೇ. ಆರ್‌ಸಿ ನವೀಕರಣ ಆಗಿದೆಯಾ, ಚಾಸಿಸ್ ನಂಬರ್ ತಾಳೆ ಆಗುತ್ತಾ ನೋಡದೆ ಅಡ್ವಾನ್ಸ್ ಮಾತ್ರ ಕೊಡಬೇಡಿ.